ನೀರಿಗೆ ಕೆಲಸ ಕೊಟ್ಟವನು

ಹಗಲು ಹೊತ್ತಿನಲ್ಲಿ ಉರಿಯುತ್ತಿರುವ ದೀಪವನ್ನು ಯಾರಾದರೂ ಆರಿಸಿದರೆ ನಮ್ಮಣ್ಣನ ಮುಖ ಬಿಳುಚಿಕೊಳ್ಳುತ್ತಿತ್ತು. ಊಟಕ್ಕೆ ಕೂತಿದ್ದರೂ ಎಂಜಲು ಕೈಯಲ್ಲೇ ಎದ್ದು ಹೋಗಿ ಸ್ವಿಚ್ಚು ಹಾಕಿ ಬರುತ್ತಿದ್ದ. ಎಲ್ಲರ ಮನೆಯಲ್ಲೂ ಹಿರಿಯರು ಲೈಟು ಆರಿಸಿ ಎಂದು ಬಯ್ಯುತ್ತಾರೆ. ನಮ್ಮ ಮನೆಯಲ್ಲಿ ಆರಿಸಿದ್ದಕ್ಕೆ ಬೈಗುಳ. ಅಡುಗೆಮನೆ, ಜಗಲಿ, ಕೊಟ್ಟಿಗೆ, ಬಚ್ಚಲು ಎಲ್ಲ ಕಡೆಯೂ ಹಳೇ ಕಾಲದ ದಪ್ಪ ಬಲ್ಬುಗಳು ಮಧ್ಯಾಹ್ನದ ಬಿಸಿಲಿನಲ್ಲೂ ಉರಿಯುತ್ತಿದ್ದವು. ಬಾಳೂರಿನಿಂದ ಕಳಸದ ಕಡೆ ಹೋಗುವ ರಸ್ತೆಯ ಪಕ್ಕದಲ್ಲೇ ನಮ್ಮ ಮನೆ. ‘ಹಗಲುದೀಪದ ಚಂದ್ರು ಮನೆ’ ಎಂದರೆ ಜೀಪಿನವರು ಮತ್ತೆ ದಾರಿ ಕೇಳದೆ ತಂದು ಇಳಿಸುತ್ತಿದ್ದರು.

ಅಣ್ಣನಿಗೆ ಹುಚ್ಚೇನೂ ಇರಲಿಲ್ಲ. ನಮ್ಮ ಮನೆಯ ಕರೆಂಟು ಹಳ್ಳದ ನೀರಿನದು. ಮೇಲಿನ ಗುಡ್ಡದಿಂದ ಇಳಿಯುವ ಹಳ್ಳಕ್ಕೆ ಪೈಪು ಹಾಕಿ, ಮನೆಯ ಕೆಳಗಿನ ಶೆಡ್ಡಿಗೆ ನೀರು ಬಿಟ್ಟು, ಅಲ್ಲಿ ಒಂದು ಕಬ್ಬಿಣದ ಚಕ್ರ ತಿರುಗಿಸಿ, ಚಕ್ರಕ್ಕೆ ಬೆಲ್ಟು ಹಾಕಿ ಡೈನಮೋ ತಿರುಗಿಸಿದರೆ ಮನೆಗೆ ಸಾಕಾಗುವಷ್ಟು ಬೆಳಕು ಬರುತ್ತದೆ. ನೀರು ಮಾತ್ರ ಸದಾ ಒಂದೇ ಜೋರಿನಲ್ಲಿ ನೂಕುತ್ತಿರುತ್ತದೆ. ಉರಿಯುವ ಬಲ್ಬುಗಳೇ ಚಕ್ರವನ್ನು ಹಿಡಿದು ನಿಲ್ಲಿಸುವ ಭಾರ. ಎಲ್ಲ ಬಲ್ಬು ಆರಿಸಿದರೆ ಭಾರ ತಪ್ಪಿ, ಇಳಿಜಾರಿನಲ್ಲಿ ಬ್ರೇಕು ಹೋದ ಜೀಪಿನ ಹಾಗೆ ಚಕ್ರದ ವೇಗ ಏರುತ್ತಲೇ ಹೋಗುತ್ತದೆ. ಗುಂಯ್ ಎನ್ನುವ ಸದ್ದು ಸಿಳ್ಳೆಯಾಗುತ್ತದೆ, ಸಿಳ್ಳೆ ಚೀರಾಟವಾಗುತ್ತದೆ, ಆಮೇಲೆ ಏನಾದರೊಂದು ಹರಿಯುತ್ತದೆ ಇಲ್ಲವೇ ಒಡೆಯುತ್ತದೆ. ಅಣ್ಣ ಇದನ್ನು ತನ್ನದೇ ರೀತಿಯಲ್ಲಿ ಹೇಳುತ್ತಿದ್ದ. “ನೀರಿಗೆ ಕೆಲಸ ಕೊಡ್ತಾ ಇರ್ಬೇಕು ಮಾರಾಯ. ಕೆಲಸ ಇಲ್ದಿದ್ರೆ ಅದು ಪೋಲಿ ಬೀಳ್ತದೆ.”

ಇಂಥ ಚಕ್ರಗಳನ್ನು ಕೂರಿಸುವುದೇ ಅವನ ಕಸುಬು. ಮೊದಲು ಒಂದು ಎಸ್ಟೇಟಿನ ಪಲ್ಪಿಂಗ್ ಶೆಡ್ಡಿನಲ್ಲಿ, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರಗಳ ಮೋಟಾರು ನೋಡಿಕೊಳ್ಳುತ್ತಿದ್ದ. ಅಲ್ಲಿ ಕಲಿತದ್ದನ್ನು ಹಳ್ಳಕ್ಕೆ ತಂದ. ಬಾಳೂರು, ಜಾವಳಿ, ಕಳಸದ ಕಡೆ ಕರೆಂಟಿನ ಲೈನು ಇಲ್ಲದ ಮನೆಗಳಿಗೆ, ಲೈನಿದ್ದರೂ ಮರ ಬಿದ್ದು ವಾರಗಟ್ಟಲೆ ಕತ್ತಲಾಗುವ ಮನೆಗಳಿಗೆ ಅವನು ಬೇಕಾಗಿದ್ದ. ಆಮೇಲಾಮೇಲೆ ಮಾಡಿನ ಮೇಲೆ ಸೋಲಾರ್ ಹಾಕುವುದನ್ನೂ ಕಲಿತ. ನಾನು ಆರನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಮದುವೆಯಾಗಿ ಹೋಗಿ, ಗಂಡ ತೀರಿಕೊಂಡ ಮೇಲೆ ಅಣ್ಣನ ಮನೆಗೇ ವಾಪಸು ಬಂದೆ. ಅವನು ಮದುವೆಯಾಗಲಿಲ್ಲ. ಯಾರಾದರೂ ಕೇಳಿದರೆ, “ಬರೋಳು ಬಂದ ದಿನವೇ ಲೈಟ್ ಆರಿಸ್ತಾಳೆ, ಆಮೇಲೆ ಜಗಳ” ಎನ್ನುತ್ತಿದ್ದ.

ಅವನು ಧೈರ್ಯದ ಮನುಷ್ಯನಲ್ಲ. ಕರೆಂಟಿನ ಕೆಲಸದವರಿಗೆ ಇರುವ ಗತ್ತು ಅವನಲ್ಲಿ ಇರಲೇ ಇಲ್ಲ. ಒಂದು ವೈರನ್ನು ಇನ್ನೊಂದಕ್ಕೆ ಹೊಸೆದು ಟೇಪು ಸುತ್ತಿದ ಮೇಲೆ, ಆ ಜಾಯಿಂಟನ್ನು ಎಳೆದು ನೋಡುತ್ತಿದ್ದ, ಎರಡು ಹೆಜ್ಜೆ ಹೋಗಿ ತಿರುಗಿ ಬಂದು ಮತ್ತೆ ಎಳೆಯುತ್ತಿದ್ದ. ಮನೆಗೆ ಬಂದು ಊಟ ಮಾಡುವಾಗಲೂ ಅದೇ ಯೋಚನೆ. ಆದರೆ ಒಂದು ವಿಷಯದಲ್ಲಿ ಅವನಿಗೆ ಹೆಮ್ಮೆ ಇತ್ತು, ಅವನ ಜಾಯಿಂಟು ಇವತ್ತಿನವರೆಗೆ ಬಿಟ್ಟಿಲ್ಲ ಎಂದು. ಅವನ ಬಾಯಿಂದ ತನ್ನ ಬಗ್ಗೆ ಬರುತ್ತಿದ್ದ ಒಳ್ಳೆಯ ಮಾತು ಅದೊಂದೇ.

ಜಾವಳಿಯ ಮಂಜಪ್ಪಗೌಡರ ಮನೆಯ ಕತೆಯನ್ನು ಹೇಳಬೇಕು. ಗೌಡರು ಸಣ್ಣ ತೋಟದವರು. ಅವರ ತಾಯಿಗೆ ಹಗಲು ದೀಪ ಉರಿಯುವುದು ದರಿದ್ರದ ಲಕ್ಷಣವೆಂದು ಗಟ್ಟಿ ನಂಬಿಕೆ. ಅಣ್ಣ ಚಕ್ರ ಕೂರಿಸಿ ಬಂದ ಮರುದಿನವೇ ಅಜ್ಜಿ ಬೆಳಗ್ಗೆ ಎದ್ದು ಮನೆಯೆಲ್ಲ ಸುತ್ತಿ ಒಂದೊಂದೇ ಸ್ವಿಚ್ಚು ಆರಿಸಿದರಂತೆ. ಚಕ್ರ ಚೀರತೊಡಗಿದಾಗ ಯಾರೋ ಆಳು ಓಡಿ ಹೋಗಿ ನೀರು ಕಟ್ಟಿದ. ಫೋನು ಬಂದಾಗ ಅಣ್ಣ ತಿಂಡಿ ಬಿಟ್ಟು ಓಡಿದ, ನನ್ನನ್ನೂ ಕರೆದುಕೊಂಡು. ಹೆಂಗಸರ ಮಾತನ್ನು ಅಜ್ಜಿ ಕೇಳಬಹುದು ಎಂದು ಅವನ ಲೆಕ್ಕ. ಅಜ್ಜಿ ನನ್ನ ಮಾತನ್ನೂ ಕೇಳಲಿಲ್ಲ. ಕೊನೆಗೆ ಅಣ್ಣ ಅವರ ಕಾಲ ಬಳಿ ನೆಲದ ಮೇಲೆ ಕೂತು ಹೇಳಿದ. “ಅಮ್ಮ, ದೇವರ ಮನೆ ನಂದಾದೀಪ ಹಗಲಲ್ಲಿ ಆರಿಸ್ತೀರಾ? ಇದೂ ಹಂಗೇ ಅಂತ ತಿಳ್ಕಳಿ.” ಅಜ್ಜಿ ಎದ್ದು ಹೋಗಿ ಕುಂಕುಮದ ಬಟ್ಟಲು ತಂದು ಎಲ್ಲ ಸ್ವಿಚ್ಚುಗಳಿಗೂ ಬೊಟ್ಟಿಟ್ಟರು. ಆ ಮೇಲೆ ಆ ಮನೆಯಲ್ಲಿ ಸ್ವಿಚ್ಚು ಮುಟ್ಟಲು ಮಕ್ಕಳಿಗೂ ಹೆದರಿಕೆ.

ಅಣ್ಣನ ಹೆದರಿಕೆ ಮಾತ್ರ ಹೋಗಲಿಲ್ಲ. ಅಷ್ಟು ಹೊತ್ತಿಗೆ ಒಂದು ಬಗೆಯ ಬಾಕ್ಸು ಬಂದಿತ್ತು. ಅದನ್ನು ಹಾಕಿಕೊಂಡರೆ ದೀಪ ಆರಿಸಬಹುದು. ಬೇಡವಾದ ಕರೆಂಟನ್ನು ಅದೇ ತೆಗೆದುಕೊಂಡು ಒಂದು ಡ್ರಮ್ಮಿನ ನೀರು ಕಾಯಿಸುತ್ತದೆ, ಚಕ್ರಕ್ಕೆ ಭಾರ ತಪ್ಪುವುದಿಲ್ಲ. ನಮ್ಮ ಮನೆಗೆಂದು ಅವನು ಅಂಥದ್ದೊಂದನ್ನು ಮೂಡಿಗೆರೆಯ ಉಸ್ಮಾನ್ ಸಾಬರ ಅಂಗಡಿಯಿಂದ ತಂದಿಟ್ಟಿದ್ದ. ಅದನ್ನು ಬಿಚ್ಚದೆಯೇ ಎತ್ತಿಕೊಂಡು ಹೋಗಿ ಜಾವಳಿಯ ಮನೆಗೆ ಹಾಕಿದ. ಅಜ್ಜಿ ಇರುವ ಮನೆ, ನಾವಾದರೆ ತಿಳಿದವರು, ಜೋಪಾನವಾಗಿರುತ್ತೇವೆ ಎಂದ. ನಮಗೆ ಇನ್ನೊಂದು ತರಲು ಹೋದಾಗ ಉಸ್ಮಾನ್ ಸಾಬರು ಇಲ್ಲವೆಂದು ಕೈಯಲ್ಲಾಡಿಸಿದರು. ಹಳ್ಳದ ಚಕ್ರಗಳಿಗೆ ಸರ್ಕಾರದ ಸಹಾಯಧನ ಮುಂದುವರಿಯುತ್ತದೆ ಎಂದು ಕೆಲವರು, ನಿಂತೇ ಹೋಯಿತು ಎಂದು ಕೆಲವರು ಹೇಳುತ್ತಿದ್ದ ಕಾಲ ಅದು. ಬಾಕ್ಸು ಮಾಡುವವರು ಮಾಡುವುದನ್ನೇ ನಿಲ್ಲಿಸಿದ್ದರು. “ಎಲ್ಲಾ ಸಾಮಾನೂ ಇದೆ ಚಂದ್ರು. ಸರ್ಕಾರದ ಮನಸ್ಸು ಮಾತ್ರ ಸ್ಟಾಕಿಲ್ಲ” ಎಂದು ಸಾಬರು ನಕ್ಕರು. ಅಣ್ಣ ನಗಲಿಲ್ಲ. ನಮ್ಮ ಮನೆ ಬಾಕ್ಸಿಲ್ಲದೆಯೇ ಉಳಿಯಿತು.

ಆ ಕಾಲದಿಂದಲೇ ಅವನು ಸುದ್ದಿಗೆ ಹೆದರತೊಡಗಿದ್ದು. ಮೂಡಿಗೆರೆಯಿಂದ ಯಾರು ಬಂದರೂ ಸರ್ಕಾರದ ಹೊಸ ಆರ್ಡರ್ ಏನಾದರೂ ಬಂತೇ ಎಂದು ವಿಚಾರಿಸುತ್ತಿದ್ದ. ಜನ ತಮಾಷೆಗೆ, “ಬಂತಲ್ಲ ಚಂದ್ರು, ಹಳ್ಳದ ನೀರಿಗೂ ಮೀಟರ್ ಹಾಕ್ತಾರಂತೆ” ಎನ್ನುತ್ತಿದ್ದರು. ಅವರು ಹೋದ ಮೇಲೆ ಅವನು ತಟ್ಟೆ ಮುಂದಿಟ್ಟುಕೊಂಡು ಸುಮ್ಮನೆ ಕೂತಿರುತ್ತಿದ್ದ. ಸೋಲಾರ್ ಬೇಕೆಂದು ಫೋನು ಮಾಡಿದವರು ಮರುವಾರ ಫೋನು ಎತ್ತುತ್ತಿರಲಿಲ್ಲ. ಎತ್ತಿದರೆ ಎಲ್ಲರದೂ ಒಂದೇ ಮಾತು, ಹೊಸ ಪಾಲಿಸಿ ಬರುತ್ತದಂತೆ, ಬರಲಿ, ನೋಡೋಣ. ಬೇಡ ಎಂದು ಯಾರೂ ಹೇಳಲಿಲ್ಲ. ಬೇಡ ಎಂದಿದ್ದರೆ ಅವನು ಬೇರೆ ಕೆಲಸವನ್ನಾದರೂ ಹುಡುಕುತ್ತಿದ್ದನೇನೋ.

ಕಾಫಿಗೆ ಒಳ್ಳೆಯ ಬೆಲೆ ಬಂದ ವರ್ಷ ಚಿಕ್ಕಮಗಳೂರಿನ ಒಂದು ಕ್ಯೂರಿಂಗ್ ವರ್ಕ್ಸಿನಿಂದ ಅವನಿಗೆ ಕರೆ ಬಂತು. ಎಸ್ಟೇಟುಗಳಿಂದ ಬಂದ ಒಣ ಕಾಫಿಯ ಸಿಪ್ಪೆ ತೆಗೆದು ಬೇಳೆ ಮಾಡುವ ಗಿರಣಿ ಅದು. ನನಗೆ ಹಲ್ಲುನೋವೆಂದು ನಾನೂ ಜೊತೆಗೆ ಹೋಗಿದ್ದೆ. ಒಳಗೆ ಬೆಲ್ಟುಗಳು ಓಡುತ್ತಿದ್ದವು, ಮಾತು ಕೇಳಿಸದಷ್ಟು ಸದ್ದು, ಗೇಟಿನ ಹೊರಗೆ ಲಾರಿಗಳ ಸಾಲು. ಲೈನಿನ ಕರೆಂಟು ಸಾಲುತ್ತಿಲ್ಲ, ಮಾಡಿನ ಮೇಲೆಲ್ಲ ಸೋಲಾರ್ ಹಾಕಿಸಬೇಕು ಎಂದು ಮ್ಯಾನೇಜರು ಹೇಳಿದರು. ಅಣ್ಣ ಶೀಟಿನ ಮೇಲೆ ಹತ್ತಿ ಮಧ್ಯಾಹ್ನದವರೆಗೆ ಅಳತೆ ಹಾಕಿದ. ಇಳಿದು ಬಂದಾಗ ಅವನ ಮುಖ ಮದುಮಗನ ಹಾಗಿತ್ತು. ಅಷ್ಟರಲ್ಲಿ ಮ್ಯಾನೇಜರಿಗೆ ಯಾರದೋ ಫೋನು ಬಂದಿತ್ತು. ಸೀಸನ್ ಮುಗಿದ ಮೇಲೆ ಗಿರಣಿ ನಿಲ್ಲುತ್ತದೆ, ಬಿಸಿಲು ನಿಲ್ಲುವುದಿಲ್ಲ, ಆಗಿನ ಕರೆಂಟನ್ನು ಸರ್ಕಾರ ಕೊಳ್ಳುತ್ತದೋ ಇಲ್ಲವೋ, ಕೊಂಡರೆ ಯಾವ ದರವೋ, ಅದೆಲ್ಲ ಬದಲಾಗುತ್ತಿದೆಯಂತೆ, ಸ್ವಲ್ಪ ಕಾಯೋಣ ಎಂದರು.

ಅಣ್ಣ ಕಾದ. ಮರುವರ್ಷ ಹೋದ, ಕಾಯಲು ಹೇಳಿದರು. ಅದರ ಮರುವರ್ಷ ಹೋದಾಗ ಅಂಗಳದಲ್ಲಿ ಒಂದು ಹೊಸ ಡೀಸೆಲ್ ಜನರೇಟರು ನಿಂತು ಹೊಗೆ ಬಿಡುತ್ತಿತ್ತಂತೆ. ಗಿರಣಿಗೆ ಕೆಲಸ ಹೆಚ್ಚಾಗಿತ್ತು, ಕರೆಂಟು ಬೇಕೇ ಬೇಕಾಗಿತ್ತು. “ಡೀಸೆಲ್‌ಗೆ ಯಾರೂ ಪಾಲಿಸಿ ಬದಲಾಯಿಸಲ್ಲ ಚಂದ್ರು, ಬೇಜಾರು ಮಾಡ್ಕೋಬೇಡಿ” ಎಂದರಂತೆ ಮ್ಯಾನೇಜರು. ಅವರ ಮೇಲೆ ಅವನಿಗೆ ಸಿಟ್ಟು ಇರಲಿಲ್ಲ. ಮನೆಗೆ ಬಂದು ಕಾಲು ತೊಳೆಯುತ್ತ ನನಗೆ ಹೇಳಿದ. “ಗಿರಣಿ ಬಾ ಅಂತದೆ, ಸರ್ಕಾರ ನಿಲ್ಲು ಅಂತದೆ. ನಾನು ಹೊಸಿಲ ಮೇಲೆ ನಿಂತಿದೀನಿ ಕಣೇ ಸುಶೀಲ. ಒಳಗೂ ಇಲ್ಲ, ಹೊರಗೂ ಇಲ್ಲ.”

ಅವನ ಹೆದರಿಕೆ ನನಗೆ ಯಾವಾಗ ಹತ್ತಿತೋ ತಿಳಿಯದು. ಆಮೇಲೆ ಮನೆಗಳಿಗೆ ಇಂತಿಷ್ಟು ಯೂನಿಟ್ಟಿನವರೆಗೆ ಕರೆಂಟು ಬಿಟ್ಟಿ ಎಂದಾಯಿತು. ನಮ್ಮ ಮನೆಗೂ ಅಷ್ಟು ಹೊತ್ತಿಗೆ ಲೈನು ಬಂದಿತ್ತು. ಬಾಗಿಲ ಪಕ್ಕದ ಗೋಡೆಯಲ್ಲಿ ಅಣ್ಣ ಒಂದು ದೊಡ್ಡ ಹಿಡಿ ಇರುವ ಸ್ವಿಚ್ಚು ಹಾಕಿದ್ದ. ಹಿಡಿ ಮೇಲಿದ್ದರೆ ಹಳ್ಳದ ಕರೆಂಟು, ಕೆಳಗೆಳೆದರೆ ಲೈನಿನದು. ಲೈನಿಗೆ ಹೋಗುವುದಾದರೆ ಮೊದಲು ಶೆಡ್ಡಿಗೆ ಇಳಿದು ವಾಲ್ವು ತಿರುಗಿಸಿ ನೀರು ಕಟ್ಟಬೇಕು, ಆಮೇಲೆ ಮೇಲೆ ಬಂದು ಹಿಡಿ ಎಳೆಯಬೇಕು. ಹಿಡಿ ಮೊದಲು ಎಳೆದರೆ ಮನೆಯ ಬಲ್ಬುಗಳೆಲ್ಲ ಲೈನಿಗೆ ಹೋಗಿ, ಕೆಳಗೆ ಚಕ್ರಕ್ಕೆ ಹಿಡಿಯಲು ಏನೂ ಇರುವುದಿಲ್ಲ. ಇದನ್ನು ಅವನು ನನ್ನಿಂದ ಪಾಠದ ಹಾಗೆ ಹೇಳಿಸಿದ್ದ. ನನಗೆ ಗೊತ್ತಿರಲಿಲ್ಲ ಎನ್ನುವ ಹಾಗಿಲ್ಲ.

ಬಿಟ್ಟಿ ಕರೆಂಟಿನ ಬೆನ್ನಿಗೇ ಸುದ್ದಿಗಳು ಬಂದವು. ಯಾರು ಕಡಿಮೆ ಉರಿಸುತ್ತಾರೋ ಅವರಿಗೆ ಮುಂದೆ ಕಡಿಮೆಯೇ ಕೊಡುತ್ತಾರಂತೆ. ಮನೆಯಲ್ಲಿ ಸ್ವಂತ ಕರೆಂಟು ಇರುವವರ ಹೆಸರು ತೆಗೆಯುತ್ತಾರಂತೆ. ಮೀಟರು ನೋಡಲು ಬರುವವರು ಅದನ್ನೆಲ್ಲ ಬರೆದುಕೊಂಡು ಹೋಗುತ್ತಾರಂತೆ. ಬಸ್ಸಿನಲ್ಲಿ, ರೇಷನ್ ಡಿಪೋದಲ್ಲಿ, ಹಾಲಿನ ಡೇರಿಯಲ್ಲಿ ಇದೇ ಮಾತು. ಅದರಲ್ಲಿ ಯಾವುದು ನಿಜ ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಅಕ್ಕಪಕ್ಕದವರು ಲೈನಿನ ಕರೆಂಟನ್ನು ಹಗಲೂ ಉರಿಸಿ ಮೀಟರು ಓಡಿಸತೊಡಗಿದರು. ಅಣ್ಣನಿಗೆ ಕೆಲಸ ಇರಲಿಲ್ಲ. ಕೆಲಸವಿಲ್ಲದ ಮನೆಗೆ ಇದ್ದೊಂದು ಬಿಟ್ಟಿಯೂ ತಪ್ಪಿದರೆ ಹೇಗೆ ಎಂದು ನನಗೆ ಭಯ. ಅವನು ಮೂಡಿಗೆರೆಗೆ ಹೋದ ದಿನಗಳಲ್ಲಿ ನಾನು ನೀರು ಕಟ್ಟಿ, ಹಿಡಿ ಎಳೆದು, ಲೈನಿನ ಕರೆಂಟು ಉರಿಸುತ್ತಿದ್ದೆ. ಅವನು ಬರುವ ಮೊದಲು ಎಲ್ಲ ಮೊದಲಿನಂತೆ ಮಾಡಿಡುತ್ತಿದ್ದೆ. ಅವನಿಗೆ ಹೇಳಿದರೆ ನೋಯುತ್ತಾನೆ. ಅವನ ಚಕ್ರವನ್ನು ಅವನ ಮನೆಯವಳೇ ಬೇಡವೆಂದ ಹಾಗಾಗುತ್ತದೆ.

ಆ ದಿನ ಅಣ್ಣ ಮನೆಯಲ್ಲಿದ್ದ. ಕಾಫಿ ಕೊಯ್ಲು ಮುಗಿಯುತ್ತ ಬಂದಿತ್ತು, ಬಿಸಿಲು ಏರುವ ಕಾಲ. ಬೇರಿಂಗಿನಲ್ಲಿ ಏನೋ ಸದ್ದು ಎಂದು ಗ್ರೀಸಿನ ಡಬ್ಬಿ ಹಿಡಿದು ಶೆಡ್ಡಿಗೆ ಇಳಿದಿದ್ದ. ತಿರುಗುತ್ತಿರುವಾಗಲೇ ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗೆ ಒತ್ತಿಕೊಂಡು, ತುದಿಯನ್ನು ಬೇರಿಂಗಿಗೆ ಮುಟ್ಟಿಸಿ, ಡಾಕ್ಟರು ಎದೆ ನೋಡಿದ ಹಾಗೆ ಕೇಳುವುದು ಅವನ ಅಭ್ಯಾಸ. ನಾನು ಜಗಲಿಯಲ್ಲಿ ಮೆಣಸು ಹರಡುತ್ತಿದ್ದೆ. ಗೇಟಿನ ಹತ್ತಿರ ಬೈಕು ನಿಂತ ಸದ್ದಾಯಿತು. ಮೀಟರಿನವರು, ಬರುವ ದಿನಕ್ಕಿಂತ ಮುಂಚೆಯೇ ಬಂದುಬಿಟ್ಟಿದ್ದರು.

ನಾನು ನೋಡಿದೆ. ಮನೆಯ ತುಂಬ ಹಗಲಿನಲ್ಲಿ ಬಲ್ಬುಗಳು, ಗೋಡೆಯ ಹಿಡಿ ಮೇಲಕ್ಕೆ, ಲೈನಿನ ಮೀಟರು ಸತ್ತ ಹಾಗೆ ನಿಂತಿದೆ. ಅವರು ನೋಡಿದರೆ ಬರೆದುಕೊಳ್ಳುತ್ತಾರೆ. ಕೆಳಗೆ ಹೋಗಿ ನೀರು ಕಟ್ಟುವಷ್ಟು ಹೊತ್ತಿಲ್ಲ. ಅಣ್ಣ ಶೆಡ್ಡಿನಲ್ಲಿದ್ದಾನೆ ಎಂಬುದು ನನಗೆ ಗೊತ್ತಿತ್ತು. ಒಂದು ನಿಮಿಷಕ್ಕೆ ಏನೂ ಆಗುವುದಿಲ್ಲ, ಅವನೇ ಅಲ್ಲಿದ್ದಾನಲ್ಲ, ಕಟ್ಟಿಕೊಳ್ಳುತ್ತಾನೆ ಎಂದುಕೊಂಡೆ. ಹಿಡಿ ಎಳೆದೆ.

ಬಲ್ಬುಗಳು ಒಮ್ಮೆ ಮಿಣುಕಿ ಮತ್ತೆ ಉರಿದವು. ಮೀಟರಿನವರು ಚಪ್ಪಲಿ ಬಿಟ್ಟು ಜಗಲಿ ಹತ್ತಿದರು. ಬಯಲುಸೀಮೆಯವರು, ಹೊಸಬರು, ಮರ್ಯಾದಸ್ಥರು. ಬಿಲ್ಲಿನ ಮೆಷಿನ್ನಿನಲ್ಲಿ ಕಾಗದ ಸಿಕ್ಕಿಕೊಂಡಿತೆಂದು ಅದನ್ನು ಬಿಚ್ಚಿ ಬಿಚ್ಚಿ ಸರಿಮಾಡುತ್ತಿದ್ದರು. ಅಷ್ಟರಲ್ಲಿ ಕೆಳಗಿನಿಂದ ಸದ್ದು ಏರತೊಡಗಿತು. ಮೊದಲು ತೆಳ್ಳಗೆ, ದೂರದಿಂದ ಬಂದ ಹಾಗೆ. ಆಮೇಲೆ ಕಿವಿಗೆ ಸೂಜಿ ತೂರಿಸಿದ ಹಾಗೆ. ಅವರು ತಲೆಯೆತ್ತಿದರು.

“ಏನಕ್ಕ ಅದು ಸೌಂಡು?”

“ಜೀರುಂಡೆ” ಎಂದೆ.

“ಇಷ್ಟ್ ಜೋರಾಗ?”

“ನಮ್ ಕಡೆ ಹಂಗೇ. ಬಿಸಿಲು ಬಂದ್ರೆ ಕೂಗ್ತಾವೆ.”

ಅವರು ನಂಬಿದರು. ನಾನು ನಗುತ್ತಿದ್ದೆ. ಈಗ ಓಡಿದರೆ ಎಲ್ಲ ಗೊತ್ತಾಗುತ್ತದೆ, ಇನ್ನೊಂದು ಗಳಿಗೆ, ಇನ್ನೊಂದೇ ಗಳಿಗೆ ಎಂದು ನಿಂತಿದ್ದೆ. ಹಿಡಿ ನನ್ನ ಬೆನ್ನ ಹಿಂದೆಯೇ ಇತ್ತು, ಕೈಚಾಚಿದರೆ ಸಿಗುವಷ್ಟು ಹತ್ತಿರ. ಅವರು ಕಾಗದ ಹರಿದು ನನ್ನ ಕೈಗೆ ಕೊಟ್ಟರು. ಆ ಹೊತ್ತಿಗೇ ಸದ್ದು ನಿಂತಿತು. ನಿಧಾನವಾಗಿ ಇಳಿಯಲಿಲ್ಲ, ಕತ್ತರಿಸಿದ ಹಾಗೆ ನಿಂತಿತು. ನೀರಿನ ಮೊರೆತ ಮಾತ್ರ ಉಳಿಯಿತು. “ನಿಂತ್ವು ನೋಡಿ” ಎಂದು ಅವರು ನಗುತ್ತ ಬೈಕು ಹತ್ತಿದರು. ಗೇಟು ದಾಟುವವರೆಗೆ ನಾನು ಅಲ್ಲಾಡಲಿಲ್ಲ.

ಆಮೇಲೆ ಓಡಿದೆ. ಓಡುವ ಮೊದಲು ಹಿಡಿಯನ್ನು ಮೇಲಕ್ಕೆ ತಳ್ಳಿದೆ. ಇದನ್ನು ಬಿಟ್ಟು ಹೇಳಿದರೆ ಹೇಳಿದ ಹಾಗಾಗುವುದಿಲ್ಲ. ಅಣ್ಣನಿಗೆ ಏನಾಯಿತೋ ಎಂದು ಎದೆ ಒಡೆಯುತ್ತಿದ್ದ ಆ ಕ್ಷಣದಲ್ಲೂ ನನ್ನ ಕೈ ಮೊದಲು ಹೋದದ್ದು ಹಿಡಿಗೆ.

ಅವನು ಶೆಡ್ಡಿನ ಬಾಗಿಲಲ್ಲಿ ಕೂತಿದ್ದ. ಎಡಗಣ್ಣಿನ ಮೇಲೆ ಅಂಗೈ ಒತ್ತಿಕೊಂಡಿದ್ದ, ಬೆರಳ ಸಂದಿಯಿಂದ ರಕ್ತ. ಚಕ್ರ ಚೀರತೊಡಗಿದಾಗ ಅವನು ಹೊರಗೆ ಹಾರಬಹುದಿತ್ತು. ವಾಲ್ವು ತಿರುಗಿಸಲೆಂದು ಬೆಲ್ಟಿನ ಮೇಲಿಂದ ಬಾಗಿದ್ದನಂತೆ. ಬೆಲ್ಟು ಹರಿದು ಮುಖಕ್ಕೆ ಬಡಿದಿತ್ತು. ನನ್ನನ್ನು ಕಂಡದ್ದೇ, “ಮೊದ್ಲು ನೀರು ಕಟ್ಟು. ಮುಖ ತಪ್ಪಿಸ್ಕೊಂಡು ಹೋಗು” ಎಂದ. ನನಗೆ ಪೆಟ್ಟಾದೀತೆಂದು ಅವನಿಗೆ ಭಯ.

ಜೀಪಿನಲ್ಲಿ ಮೂಡಿಗೆರೆಗೆ, ಅಲ್ಲಿಂದ ಮಂಗಳೂರಿಗೆ ಕರೆದುಕೊಂಡು ಹೋದೆವು. ಕಣ್ಣು ಉಳಿಯಲಿಲ್ಲ. ಆಸ್ಪತ್ರೆಯ ಮಂಚದ ಮೇಲೆ ಅವನು ಕೇಳಿದ ಮೊದಲ ಪ್ರಶ್ನೆ, ಮನೆಯ ಬಲ್ಬುಗಳೆಲ್ಲ ಒಟ್ಟಿಗೆ ಆರಿದವೇ ಎಂದು. ನಾನು ಹೌದು ಎಂದೆ. “ಹಂಗಾದ್ರೆ ನಡುವೆ ಎಲ್ಲೋ ಜಾಯಿಂಟ್ ಬಿಟ್ಟಿದೆ” ಎಂದು ಕಣ್ಣು ಮುಚ್ಚಿದ. ಆಗ ಹೇಳಬಹುದಿತ್ತು. ಗಾಯ ಮಾಗಲಿ ಎಂದುಕೊಂಡೆ.

ಮನೆಗೆ ಬಂದ ಮೇಲೆ ಅವನು ಒಂದೇ ಕಣ್ಣಿನಲ್ಲಿ ಶೆಡ್ಡಿನಿಂದ ಮನೆಯವರೆಗಿನ ವೈರನ್ನು ಬೆರಳಿನಿಂದ ತಡವುತ್ತ ಬಂದ. ಪ್ರತಿ ಜಾಯಿಂಟಿನ ಟೇಪು ಬಿಚ್ಚಿ ನೋಡಿದ. ಎಲ್ಲ ಗಟ್ಟಿಯಾಗಿಯೇ ಇತ್ತು. ಮರುದಿನ ಮತ್ತೆ ನೋಡಿದ. ತಪ್ಪು ಸಿಕ್ಕಿದ್ದರೆ ಅವನಿಗೆ ಸಮಾಧಾನವಾಗುತ್ತಿತ್ತು. ಸಿಗದೆ ಹೋದದ್ದೇ ಅವನನ್ನು ತಿಂದಿತು. ತನ್ನ ಕೈಯಲ್ಲಿ ಕಾಣದ ತಪ್ಪೊಂದಿದೆ, ಕಟ್ಟಿದ ಎಲ್ಲ ಕಡೆಯೂ ಅದು ಇರಬಹುದು, ಇವತ್ತೋ ನಾಳೆಯೋ ಯಾರದೋ ಮನೆಯ ಮಗುವಿನ ಮುಖಕ್ಕೆ ಬೆಲ್ಟು ಬಡಿಯುತ್ತದೆ ಎಂದು ನಿದ್ದೆ ಬಿಟ್ಟ.

ಆಮೇಲೆ ಕರಿಕನ್ನಡಕ ಹಾಕಿಕೊಂಡು ಮನೆ ಮನೆಗೆ ಹೊರಟ. ತಾನೇ ಕೂರಿಸಿದ ಚಕ್ರಗಳನ್ನು ತಾನೇ ಬಿಚ್ಚಿದ. ಬೇಡ ಎಂದು ಹೆಚ್ಚು ಜನ ತಡೆಯಲೂ ಇಲ್ಲ. ಲೈನಿನ ಕರೆಂಟು ಬಿಟ್ಟಿ, ಹಳ್ಳದ ಕರೆಂಟಿನ ಮುಂದಿನ ಗತಿ ಯಾರಿಗೂ ತಿಳಿಯದು, ಹಾಕಿದವನೇ ಬಂದು ಇದು ಅಪಾಯ ಎನ್ನುತ್ತಿದ್ದಾನೆ. ವೈರೇ ಬಿಟ್ಟರೆ ಬಾಕ್ಸೂ ಕಾಯುವುದಿಲ್ಲವೆಂದು ಜಾವಳಿಗೂ ಹೋದ. ಅಲ್ಲಿಯ ಅಜ್ಜಿ ಮಾತ್ರ ಬಾಗಿಲಿಗೆ ಅಡ್ಡ ನಿಂತರಂತೆ. “ನಂದಾದೀಪ ಅಂದಿದ್ದೆ ನೀನು. ಈಗ ಆರಿಸೋಕೆ ಬಂದಿದೀಯಾ?” ಎಂದರಂತೆ. ಅವನು ಮನೆಯ ಪಕ್ಕದಿಂದ ಸುತ್ತಿ ಹೋಗಿ ಶೆಡ್ಡಿಗೆ ಇಳಿದನಂತೆ. ಅವನು ಸಾಯಂಕಾಲ ಗ್ರೀಸು ಮೆತ್ತಿದ ಕೈಯಲ್ಲಿ ವಾಪಸು ಬಂದಾಗಲೆಲ್ಲ ನಾನು ಬಿಸಿನೀರು ಕೊಡುತ್ತಿದ್ದೆ. ಇವತ್ತು ಹೇಳುತ್ತೇನೆ ಎಂದುಕೊಂಡು ನೀರು ಕಾಯಿಸುತ್ತಿದ್ದೆ. ಅವನು ಹಾಗೆ ಸೋತು ಕೂತದ್ದನ್ನು ನಾನು ಹಿಂದೆಂದೂ ನೋಡಿರಲಿಲ್ಲ. ಒಂದು ಮನೆಯದು ಬಿಚ್ಚಿದಷ್ಟೂ ನನ್ನ ತಪ್ಪು ದೊಡ್ಡದಾಗುತ್ತ ಹೋಯಿತು, ದೊಡ್ಡದಾದಷ್ಟೂ ಬಾಯಿ ಬಿಡಲು ಹೆದರಿಕೆ ಹೆಚ್ಚಾಯಿತು. ಕೊನೆಗೆ ನಮ್ಮ ಮನೆಯದನ್ನೂ ಬಿಚ್ಚಿ, ಬಯಲುಸೀಮೆಯ ಒಂದು ದೊಡ್ಡ ಸೋಲಾರ್ ಹೊಲದಲ್ಲಿ ಫಲಕಗಳ ಧೂಳು ತೊಳೆಯುವ ಕೆಲಸಕ್ಕೆ ಹೋದ.

ಹೋದ ವರ್ಷ ಕಾಫಿಗೆ ಮತ್ತೆ ಬೆಲೆ ಏರಿತು. ಎಸ್ಟೇಟಿನವರೆಲ್ಲ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರು ದೊಡ್ಡದು ಮಾಡತೊಡಗಿದರು. ಸಹಾಯಧನದ ಆರ್ಡರ್ ಈ ಸಲ ಬಂದೇ ಬಂತು ಎಂದು ಉಸ್ಮಾನ್ ಸಾಬರೇ ಫೋನು ಮಾಡಿದರು. ಅಂಗಡಿಗೆ ಬಾಕ್ಸುಗಳು ಬಂದಿವೆಯಂತೆ. ಚಂದ್ರಣ್ಣ ಇದ್ದಾರಾ, ನಮ್ಮ ಹಳ್ಳ ನೋಡಿ ಹೋಗಲಿ ಎಂದು ನನಗೆ ಕರೆಗಳ ಮೇಲೆ ಕರೆ. ಇಷ್ಟು ವರ್ಷ ಅವನು ಕಾದದ್ದು ಇದಕ್ಕೇ. ಅವನಿಗೆ ಫೋನು ಮಾಡಿ ಹೇಳಿದರೆ, “ನನ್ನ ಕೈಯಲ್ಲಿ ತಪ್ಪಿದೆ. ಎಲ್ಲಿ ಅಂತ ಗೊತ್ತಿಲ್ಲ. ಬೇರೆಯೋರಿಗೆ ಹೇಳು” ಎಂದ. ಆ ಮಾತು ಕೇಳಿದ ಮೇಲೆ ಸುಮ್ಮನಿರಲು ನನ್ನಿಂದ ಆಗಲಿಲ್ಲ. ಬಸ್ಸು ಹತ್ತಿದೆ.

ಅಷ್ಟು ಅಗಲದ ಆಕಾಶವನ್ನು ನಾನು ನೋಡಿರಲಿಲ್ಲ. ಕಣ್ಣಿಗೆ ಕಾಣುವಷ್ಟು ದೂರ ಫಲಕಗಳ ಸಾಲು, ಒಂದು ಮರವಿಲ್ಲ. ಅಣ್ಣ ತಲೆಗೆ ಟವೆಲು ಸುತ್ತಿ ಪೈಪು ಹಿಡಿದು ನಿಂತಿದ್ದ. ನನ್ನನ್ನು ನೋಡಿ ಅವನಿಗೆ ಖುಷಿಯಾಯಿತು. ಇಲ್ಲಿ ಹೆದರಿಕೆ ಇಲ್ಲ, ಬಿಸಿಲಿಗೆ ಕೆಲಸ ಕೊಡದಿದ್ದರೂ ಅದು ತನ್ನ ಪಾಡಿಗೆ ಇರುತ್ತದೆ ಎಂದ. ನಾನು ತಂದಿದ್ದ ಕಾಫಿಪುಡಿಯನ್ನು ಮೂಸಿ ನೋಡಿ ಅಂಗಿಯ ಜೇಬಿಗೆ ಹಾಕಿಕೊಂಡ. ನಾನು ನಿಂತ ನಿಲುವಿನಲ್ಲೇ ಎಲ್ಲ ಹೇಳಿದೆ. ಮೀಟರಿನವರು ಬಂದದ್ದು, ಹಿಡಿ ಎಳೆದದ್ದು, ಜೀರುಂಡೆ ಎಂದದ್ದು, ಹಿಡಿ ಮತ್ತೆ ಮೇಲೆ ಮಾಡಿದ್ದು.

ಅವನ ಕೈಯ ಪೈಪಿನಿಂದ ನೀರು ನೆಲಕ್ಕೆ ಬೀಳುತ್ತಲೇ ಇತ್ತು. ಅವನು ಕೇಳಿದ. “ವೈರ್ ಬಿಟ್ಟಿದ್ದಲ್ಲ?”

“ಅಲ್ಲ ಅಣ್ಣ.”

“ಹಿಡಿ ನೀನೇ ಎಳೆದಿದ್ದಾ?”

“ಹೂಂ.”

ಅವನು ಹೊಡೆಯಲಿ ಎಂದು ನಾನು ಕಾದಿದ್ದೆ. ಬೈಗುಳಕ್ಕೆ, ಅಳುವಿಗೆ, ಎಲ್ಲದಕ್ಕೂ ಸಿದ್ಧಳಾಗಿ ಬಂದಿದ್ದೆ. ಅವನು ನೀರು ನಿಲ್ಲಿಸಿ, ಫಲಕದ ನೆರಳಿನಲ್ಲಿ ಕುಕ್ಕರಗಾಲಲ್ಲಿ ಕೂತ. “ಹಂಗಾದ್ರೆ ಜಾಯಿಂಟ್ ಸರಿ ಇತ್ತು” ಎಂದ. ಆ ಗಳಿಗೆ ಅವನ ಮುಖ ಬೆಳಗಿತು, ನಾನು ಕಂಡಿದ್ದೇನೆ. ಮರುಗಳಿಗೆ ಅದು ಆರಿತು. ನೆಲ ನೋಡುತ್ತ ಹೇಳತೊಡಗಿದ. “ಜಾವಳಿ ಗೌಡ್ರ ಮನೇದು ಸರಿ ಇತ್ತು. ಸೇತುವೆ ಮೇಲ್ಗಡೆ ಮನೇದು ಸರಿ ಇತ್ತು. ಕಳಸದ ಮೇಷ್ಟ್ರ ಮನೇದು ಸರಿ ಇತ್ತು.” ಒಂದೊಂದೇ ಮನೆ ಹೇಳಿದ, ಒಂದನ್ನೂ ಬಿಡಲಿಲ್ಲ. “ಎಲ್ಲಾ ಸರಿ ಇತ್ತು. ಎಲ್ಲಾ ನಾನೇ ಬಿಚ್ಚಿ ಹಾಕಿದೆ.”

ನಾನು ಅವನ ಹೆಗಲು ಮುಟ್ಟಿದೆ. ಅವನು ಮೆಲ್ಲಗೆ, ಮೈಮೇಲೆ ಬಿದ್ದ ಎಲೆಯನ್ನು ತೆಗೆಯುವ ಹಾಗೆ ನನ್ನ ಕೈ ತೆಗೆದಿಟ್ಟ. “ಬಸ್ಸಿಗೆ ಹೊತ್ತಾಯ್ತು, ಹೋಗು” ಎಂದ. ನಾನು ಅವನ ಜೊತೆ ಮಾತಾಡಿದ್ದು ಅದೇ ಕೊನೆ.

ಆ ವಾರವೇ ಅವನು ಅಲ್ಲಿನ ಕೆಲಸ ಬಿಟ್ಟನಂತೆ. ನನ್ನ ಫೋನು ಎತ್ತುವುದಿಲ್ಲ. ಆಮೇಲೆ ಮಂಜಪ್ಪಗೌಡರಿಂದ ತಿಳಿಯಿತು, ಚಂದ್ರು ಬಂದು ನಾಲ್ಕು ದಿನ ಅವರ ಮನೆಯಲ್ಲೇ ಉಳಿದು ಚಕ್ರ ಮತ್ತೆ ಕೂರಿಸಿಕೊಟ್ಟನೆಂದು. ಕೂಲಿ ಬೇಡವೆಂದನಂತೆ. ಬಿಚ್ಚಿದ ಮನೆಗಳಿಗೆಲ್ಲ ಹೀಗೇ ಒಂದೊಂದಾಗಿ ಹೋಗುತ್ತಿದ್ದಾನೆ. ಮೊನ್ನೆ ಸೇತುವೆ ಮೇಲ್ಗಡೆಯ ಮನೆಯವರು ಸಿಕ್ಕಿದ್ದರು, ಅವರಲ್ಲೂ ಕೆಲಸ ಮುಗಿಯಿತಂತೆ. ಸಂಜೆಯ ಬಸ್ಸಿಗೆ ಕಳಸದ ಕಡೆ ಹೊರಟನಂತೆ. ಆ ಬಸ್ಸು ನಮ್ಮ ಗೇಟಿನ ಮುಂದೆಯೇ ಹೋಗುತ್ತದೆ. ಆ ಸಂಜೆ ನಾನು ಜಗಲಿಯಲ್ಲೇ ಕೂತಿದ್ದೆ. ಬಸ್ಸು ನಿಧಾನ ಮಾಡಲಿಲ್ಲ.